ನಿಮ್ಮ ಲೇಖನ ಶುರುವಾಗುವುದು ನಾಲ್ಕನೇ ಪುಟದಲ್ಲಿ

ಡೊಂಬಿವಲಿಯ ಮಿತ್ರರೇ,

ನಮಸ್ಕಾರ. ಮಾದರಿ ಹಡಗಿಗೆ ಹಗ್ಗ ಹೊಸೆಯಲು ನೀವು ಮಾಡಿದ ಮಿಷನ್ನಿನ ಬಗ್ಗೆ ಬರೆದ ‘ಮಾದರಿ ನೌಕೆಗಾಗಿ ರಜ್ಜು ನಿರ್ಮಾಣ ಯಂತ್ರ’ ಎಂಬ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಗೆ ತೆಗೆದುಕೊಳ್ಳಲಾರೆ. ಆದರೆ ನೀವು ಇದನ್ನು ಮತ್ತೆ ಬರೆಯಲೇಬೇಕು ಅಂತ ನನಗೆ ತುಂಬಾ ಆಸೆ. ಹಾಗಾಗಿ ಬಿಚ್ಚಿ ಹೇಳುತ್ತೇನೆ.

ಮೊದಲ ಮೂರು ಪುಟ ತೆಗೆದುಬಿಡಿ. ಲೋಕದ ಹಡಗುಗಳ ಚರಿತ್ರೆಯೆಲ್ಲ ಅಲ್ಲಿದೆ, ನೀವು ಮಾತ್ರ ಎಲ್ಲೂ ಇಲ್ಲ. ನಮಗೆ ಒಂದೇ ಹಡಗು ಸಾಕು. ನೀವು ಮಾಡುತ್ತಿರುವುದು ಟ್ರಿಂಕೋಮಲೀ ಹಡಗಿನ ಮಾದರಿ. ಅದನ್ನು ಕಟ್ಟಿದ್ದು ನಮ್ಮ ಮುಂಬಯಿಯ ಫೋರ್ಟ್ ಪಕ್ಕದ ಬಾಂಬೆ ಡಾಕ್‌ಯಾರ್ಡಿನಲ್ಲಿ, ವಾಡಿಯಾ ಮನೆತನದವರು, ತೇಗದ ಮರದಿಂದ. ನೀರಿಗಿಳಿದದ್ದು 1817ರಲ್ಲಿ. ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಅದು ಇವತ್ತಿಗೂ ತೇಲುತ್ತಾ ನಿಂತಿದೆ. ಇಷ್ಟು ದೊಡ್ಡ ವಿಷಯಕ್ಕೆ ನೀವು ಕೊಟ್ಟದ್ದು ಅರ್ಧ ಸಾಲು! ದಿನಾ ಲೋಕಲ್ ಹಿಡಿದು ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಇಳಿಯುವ ನಮ್ಮ ಓದುಗರಿಗೆ ಅದು ನಡೆದು ಹೋಗುವಷ್ಟು ಹತ್ತಿರದ ಕತೆ.

ಭಾಷೆಯ ವಿಷಯ. ‘ರಜ್ಜು’, ‘ತಂತು’ ಯಾಕೆ ಬೇಕು? ಹಗ್ಗ, ಎಳೆ, ಹುರಿ, ಹೊಸೆ – ಎಲ್ಲ ಮಾತೂ ನಮ್ಮಲ್ಲಿವೆ. ದೀಪದ ಬತ್ತಿ ಹೊಸೆಯುವ ಅಜ್ಜಿಗೆ ನಿಮ್ಮ ಮಿಷನ್ನಿನ ಅರ್ಧ ಕೆಲಸ ಗೊತ್ತು. ಸುತ್ತು ಯಾವ ಕಡೆಗೆ ಅನ್ನುವುದಕ್ಕೂ ಬಲಮುರಿ, ಎಡಮುರಿ ಅನ್ನುವ ಚಂದದ ಮಾತುಗಳಿವೆ.

ಈಗ ಮುಖ್ಯ ದೋಷ. ‘ಹಿಡಿಕೆಯನ್ನು ಬಲಕ್ಕೆ ತಿರುಗಿಸಬೇಕು’ ಎಂದಷ್ಟೇ ಬರೆದಿದ್ದೀರಿ. ನನ್ನ ಹೊಲಿಗೆ ಡಬ್ಬಿಯ ದಾರವನ್ನು ಕಿಟಕಿ ಸರಳಿಗೆ ಕಟ್ಟಿ, ಈಚೆ ತುದಿಗೆ ಪೆನ್ಸಿಲ್ ಸಿಕ್ಕಿಸಿ ಬಲಕ್ಕೆ ತಿರುಗಿಸಿದೆ. ದಾರದ ಹುರಿಯೇ ಬಿಚ್ಚಿಹೋಯಿತು. ಆಮೇಲೆ ನಿಮ್ಮ ಚಿತ್ರ ನೋಡಿದಾಗ ತಿಳಿಯಿತು. ನಡುವಿನ ದೊಡ್ಡ ಗಿಯರಿಗೆ ಹಿಡಿಕೆ ಇದೆ, ಅದರ ಸುತ್ತಲಿನ ಮೂರು ಸಣ್ಣ ಗಿಯರುಗಳಿಗೆ ಸೈಕಲ್ ಕಡ್ಡಿಯ ಕೊಕ್ಕೆಗಳಿವೆ. ಹಿಡಿಕೆ ಬಲಕ್ಕೆ ಹೋದರೆ ಮೂರು ಕೊಕ್ಕೆಯೂ ಎಡಕ್ಕೆ ಹೋಗುತ್ತವೆ. ಇದು ನಿಮಗೆ ಅಭ್ಯಾಸವಾಗಿದೆ, ಓದುಗರಿಗೆ ಹೊಸದು. ಕೊಕ್ಕೆ ಯಾವ ಕಡೆಗೆ, ಎಲ್ಲಿ ನಿಂತು ನೋಡಿದರೆ – ಎರಡನ್ನೂ ಬರೆಯಿರಿ.

ಹಗ್ಗ ಯಾಕೆ ಬಿಚ್ಚಿಕೊಳ್ಳುವುದಿಲ್ಲ ಎಂಬುದೂ ಲೇಖನದಲ್ಲಿಲ್ಲ. ಫೋನ್ ಮಾಡಿದಾಗ ನೀವು ಎಷ್ಟು ಚೆನ್ನಾಗಿ ಹೇಳಿದಿರಿ! ಎಳೆಗೆ ಒಂದು ಕಡೆಯ ಹುರಿ, ಹಗ್ಗಕ್ಕೆ ಅದರ ಎದುರು ಕಡೆಯ ಹುರಿ. ಎಳೆ ಬಿಚ್ಚಲು ಹೋದಷ್ಟೂ ಹಗ್ಗ ಬಿಗಿಯುತ್ತದೆ. ಅಂಗಡಿಯ ಹೊಲಿಗೆ ದಾರ ಸಾಮಾನ್ಯವಾಗಿ ಬಲಮುರಿ. ಅದನ್ನು ಅದೇ ಕಡೆಗೆ ಬಿಗಿದು ಹೊಸೆದರೆ ಹಗ್ಗ ಎಡಮುರಿಯಾಗುತ್ತದೆ. ಆದರೆ ಹಡಗಿನ ಹೆಚ್ಚಿನ ಹಗ್ಗಗಳು ಬಲಮುರಿ, ಎಡಮುರಿ ಇರುವುದು ಲಂಗರಿನ ದಪ್ಪ ಮಿಣಿಯಂಥವು. ಎರಡು ತಿಂಗಳು ತಲೆ ಕೆಡಿಸಿಕೊಂಡು, ಕೊನೆಗೆ ಎರಡೆರಡು ದಾರವನ್ನು ಮೊದಲು ಎಡಮುರಿಯಾಗಿ ಹೊಸೆದು, ಅಂಥ ಮೂರು ಎಳೆಗಳಿಂದ ಬಲಮುರಿ ಹಗ್ಗ ಮಾಡಿದಿರಿ, ಅಲ್ವಾ? ಆ ಎರಡು ತಿಂಗಳೇ ನಿಮ್ಮ ಲೇಖನ. ಅಲ್ಲಿಂದಲೇ ಶುರು ಮಾಡಿ.

ದಾರ ತುಂಡಾದ ಪ್ರಸಂಗವೂ ಒಂದೇ ಸಾಲಿನಲ್ಲಿ ಮುಗಿದಿದೆ. ಆಚೆ ತುದಿಯನ್ನು ಮೊಳೆಗೆ ಕಟ್ಟಿದ್ದಿರಿ. ಹುರಿ ಏರಿದಂತೆ ದಾರ ಗಿಡ್ಡವಾಗುತ್ತದೆ, ಮೊಳೆ ಅಲುಗುವುದಿಲ್ಲ, ಪಟ್ ಅಂತ ಹರಿಯಿತು. ಮೂರು ಮೀಟರ್ ಎಳೆಗೆ ಕೊನೆಗೆ ಸಿಕ್ಕಿದ್ದು ಎರಡೂಕಾಲು ಮೀಟರ್ ಹಗ್ಗ. ಅದಕ್ಕಾಗಿಯೇ ಮೊಳೆಯ ಜಾಗಕ್ಕೆ ಆಟದ ಕಾರಿನ ಗಾಲಿ ಹಾಕಿದ ಹಲಗೆ, ಅದರ ಮೇಲೆ ತೂಕ, ತಾನಾಗಿ ತಿರುಗುವ ಕೊಕ್ಕೆ ಬಂದವು. ಕಾರಣ ಮೊದಲು ಬರಲಿ, ಭಾಗ ಆಮೇಲೆ. ಆಗ ಎಳೆಗಳನ್ನು ಬೇರೆ ಬೇರೆ ಹಿಡಿಯುವ ಮೂರು ಕಚ್ಚುಗಳ ಮರದ ಶಂಕುವೂ ತಾನಾಗಿ ಅರ್ಥವಾಗುತ್ತದೆ.

‘ಒಂದು ಮಿಲಿಮೀಟರ್ ಹಗ್ಗ ಬೇಕು’ ಎಂದಿರಿ. ಯಾಕೆ ಒಂದೇ? ಆ ಕಾಲದ ಬ್ರಿಟಿಷ್ ನೌಕಾಪಡೆ ಹಗ್ಗವನ್ನು ಅಳೆಯುತ್ತಿದ್ದದ್ದು ಸುತ್ತಳತೆಯಲ್ಲಿ. ಆರಿಂಚಿನ ಹಗ್ಗ ಅಂದರೆ ದಪ್ಪ ಎರಡಿಂಚಿಗೂ ಕಡಿಮೆ. 1:48ರ ಮಾದರಿಗೆ, ಅಂದರೆ ನಿಜವಾದ ಹಡಗಿನ ಅಳತೆಯ ನಲವತ್ತೆಂಟನೇ ಒಂದು ಪಾಲಿಗೆ, ಅದು ಒಂದು ಮಿಲಿಮೀಟರ್. ಆರನ್ನೇ ದಪ್ಪ ಅಂದುಕೊಂಡರೆ ಮೂರು ಪಟ್ಟು ದಪ್ಪಗಾಗುತ್ತದೆ. ಈ ಲೆಕ್ಕವನ್ನು ಖಂಡಿತ ಸೇರಿಸಿ.

ಚಾಳಿನ ಉದ್ದ ಪಡಸಾಲೆಯಲ್ಲಿ ರಾತ್ರಿ ಹಗ್ಗ ಹೊಸೆಯುತ್ತಿದ್ದಿರಿ, ಪಕ್ಕದ ಮನೆಯವರು ದಾಟುವಾಗ ದಾರವನ್ನು ಮೇಲೆತ್ತಿ ಹಿಡಿಯುತ್ತಿದ್ದಿರಿ ಎಂಬ ಸಾಲು ನನಗೆ ಬಹಳ ಹಿಡಿಸಿತು. ಅದನ್ನು ಮುಟ್ಟಬೇಡಿ. ಕೊನೆಯ ಪುಟದ ‘ಯುವಜನತೆಗೆ ಸಂದೇಶ’ ಮಾತ್ರ ಬೇಡ.

ಸಾವಿರ ಪದದೊಳಗೆ ಬರೆದು ಕಳಿಸಿ, ನಾನೇ ಕೂತು ತಿದ್ದುತ್ತೇನೆ. ಇನ್ನೊಂದು ಮಾತು. ಹತ್ತಿ ದಾರದ ಜುಂಗು ಕೂರಿಸಲು ಜೇನುಮೇಣ ಹಚ್ಚಿದೆ ಎಂದಿದ್ದೀರಿ. ಹೊಸೆಯುವ ಮೊದಲು ದಾರಕ್ಕೋ, ಹೊಸೆದ ಮೇಲೆ ಹಗ್ಗಕ್ಕೋ? ಅದನ್ನು ಬರೆಯಲು ಮರೆಯಬೇಡಿ.

ನಿಮ್ಮ,
ಸಂಪಾದಕಿ