ಗಂಟಲು ನೋವಿಗೆಲ್ಲ ಸ್ಟ್ರೆಪ್ ಟೆಸ್ಟ್ ಬೇಕಾ?

ಆರೋಗ್ಯವಾಗಿರುವ ದೊಡ್ಡವರಿಗೆ ಗಂಟಲು ನೋವು ಬಂದರೆ ರ‍್ಯಾಪಿಡ್ ಸ್ಟ್ರೆಪ್ ಟೆಸ್ಟ್ (ಗಂಟಲಲ್ಲಿ ಸ್ಟ್ರೆಪ್ ಎಂಬ ಬ್ಯಾಕ್ಟೀರಿಯಾ ಇದೆಯಾ ಅಂತ ಬೇಗ ನೋಡುವ ಪರೀಕ್ಷೆ) ಮಾಡಿಸಬೇಕಾ ಅಂತ ಕೇಳಿದ್ದೀರಿ. ಬಹಳಷ್ಟು ಸಲ ಬೇಡ. ಗಂಟಲು ನೋವು ಬಂದ ದೊಡ್ಡವರಲ್ಲಿ ಅದಕ್ಕೆ ಸ್ಟ್ರೆಪ್ ಕಾರಣವಾಗಿರುವುದು ಸುಮಾರು 10ರಲ್ಲಿ ಒಬ್ಬರಿಗೆ. ಉಳಿದದ್ದು ಹೆಚ್ಚಾಗಿ ವೈರಸ್ ಕಾಟ. ಕೆಮ್ಮು, ನೆಗಡಿ, ಕಟ್ಟಿದ ದನಿ ಜೊತೆಗಿದ್ದರೆ ಟೆಸ್ಟ್ ಸುಮ್ನೆ ದಂಡ. ಕೆಲವರ ಗಂಟಲಲ್ಲಿ ಈ ಬ್ಯಾಕ್ಟೀರಿಯಾ ತೊಂದರೆ ಕೊಡದೆ ಕೂತಿರುತ್ತದೆ. ಅಂಥವರಿಗೆ ಬರೀ ನೆಗಡಿಯಾದಾಗಲೂ ಪಾಸಿಟಿವ್ ಬಂದು, ಬೇಡದ ಆ್ಯಂಟಿಬಯೋಟಿಕ್ ನುಂಗಬೇಕಾಗುತ್ತದೆ ಅಲ್ವಾ?

ಕೆಮ್ಮಿಲ್ಲದೆ ಜ್ವರ, ಟಾನ್ಸಿಲ್ ಮೇಲೆ ಬಿಳಿ ಪದರ, ಕುತ್ತಿಗೆಯ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು, ಇವು ಒಟ್ಟಿಗೆ ಬಂದರೆ ಮಾಡಿಸಿ. ಹತ್ತಿ ಕಡ್ಡಿಯಿಂದ ಟಾನ್ಸಿಲ್ ಸವರುತ್ತಾರೆ, ಒಂದು ಕ್ಷಣ ಓಕರಿಕೆ ಬರಬಹುದು. ಹತ್ತಿಪ್ಪತ್ತು ನಿಮಿಷದಲ್ಲಿ ಫಲಿತಾಂಶ. ನೆಗೆಟಿವ್ ಬಂದರೆ ದೊಡ್ಡವರಿಗೆ ಸಾಮಾನ್ಯವಾಗಿ ಕಲ್ಚರ್ (ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಟೆಸ್ಟ್) ಬೇಕಿಲ್ಲ. ಹಿಂದೆ ರುಮ್ಯಾಟಿಕ್ ಜ್ವರ (ಸ್ಟ್ರೆಪ್ ನಂತರ ಬಂದು ಹೃದಯಕ್ಕೆ ಪೆಟ್ಟು ಕೊಡಬಲ್ಲ ಕಾಯಿಲೆ) ಬಂದಿದ್ದರೆ ಮಾತ್ರ ಲೆಕ್ಕ ಬೇರೆ, ಡಾಕ್ಟರಿಗೆ ಮೊದಲೇ ಹೇಳಿ.