ಹೆಸರಿಗೆ ಮ್ಯಾನೇಜರ್ ಆದರೆ ಕೇಸು ಯಾರ ಮೇಲೆ?

ಕಲ್ಲು ಕ್ವಾರಿಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕೇಳಿದವರು ಬೇರೆ ಬೇರೆ, ಗಂಟು ಮಾತ್ರ ಒಂದೇ: ಅನಾಹುತ ಆದ ಮೇಲೆ ಕಾನೂನು ಯಾರ ಕುತ್ತಿಗೆ ಹಿಡಿಯುತ್ತದೆ? ಯಾರ ಹೆಸರನ್ನೂ ಹಾಕಿಲ್ಲ. ಊರು ಮಾತ್ರ ಇದೆ.

ಪ್ರಶ್ನೆ: ಸಾರ್, ನಾನು ಮೈನಿಂಗ್ ಡಿಪ್ಲೊಮಾ ಮುಗಿಸಿ ಎರಡನೇ ದರ್ಜೆ ಮ್ಯಾನೇಜರ್ ಸರ್ಟಿಫಿಕೇಟ್ ತೆಗೆದುಕೊಂಡಿದ್ದೇನೆ. ಈಗ ಮೈಸೂರಲ್ಲಿ ಬೇರೆ ಕೆಲಸ. ಮಂಡ್ಯ ಕಡೆಯ ಜಲ್ಲಿ ಕ್ವಾರಿ ಮಾಲೀಕರೊಬ್ಬರು ‘ನಿಮ್ಮ ಸರ್ಟಿಫಿಕೇಟ್ ಕೊಟ್ಟಿರಿ ಸಾಕು, ತಿಂಗಳಿಗೆ ಇಷ್ಟು ಅಂತ ಹಾಕ್ತೀನಿ, ಇನ್ಸ್‌ಪೆಕ್ಷನ್ ಇದ್ದಾಗ ಬಂದು ಹೋಗಿ’ ಅಂತಿದ್ದಾರೆ. ‘ಇದೇನು ಗಣಿನಾ, ಬರೀ ಕಲ್ಲು ಕ್ವಾರಿ, ತಲೆ ಕೆಡಿಸ್ಕೋಬೇಡಿ’ ಅಂತಲೂ ಹೇಳಿದರು. ಒಪ್ಪಬಹುದಾ? (ಮೈಸೂರು)

ಉತ್ತರ: ಬೇಡ. ಈ ತರಹದ ಕೆಲಸವನ್ನು ನಮ್ಮ ಕಡೆ ಎಷ್ಟೋ ಜನ ಸುಮ್ನೆ ಬರುವ ದುಡ್ಡು ಅಂದುಕೊಂಡಿದ್ದಾರೆ. ಕ್ವಾರಿಯಲ್ಲಿ ಇದಕ್ಕಿಂತ ಅಪಾಯದ ನೌಕರಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಡ್ರಿಲ್ ಹಿಡಿದವನಿಗಾದರೂ ಎದುರಿಗೆ ಬಂಡೆ ಕಾಣುತ್ತದೆ. ನಿಮಗೆ ಅದೂ ಕಾಣುವುದಿಲ್ಲ.

ಮೊದಲು ‘ಗಣಿ ಅಲ್ಲ’ ಅನ್ನುವ ಮಾತು. 1952ರ ಗಣಿ ಕಾಯ್ದೆಯಲ್ಲಿ ಕಟ್ಟಡದ ಕಲ್ಲು, ಜಲ್ಲಿ, ಮೊರಂ, ಮರಳು ಇಂಥವುಗಳಿಗೆ ಒಂದು ವಿನಾಯಿತಿ ಇದ್ದದ್ದು ನಿಜ. ಆದರೆ ಸುಮ್ಮನೆ ಸಿಗುವುದಲ್ಲ. ತೋಡಿದ ಜಾಗ ಮೇಲಿನ ತುದಿಯಿಂದ ಕೆಳಗಿನ ತಳದವರೆಗೆ 6 ಮೀಟರ್ ದಾಟಿರಬಾರದು, ಯಾವ ದಿನವೂ 50ಕ್ಕಿಂತ ಜಾಸ್ತಿ ಜನ ಕೆಲಸ ಮಾಡಿರಬಾರದು, ಸ್ಫೋಟಕ ಬಳಸಿರಬಾರದು. ಮೂರೂ ಒಟ್ಟಿಗೆ ಇರಬೇಕು, ಒಂದು ತಪ್ಪಿದರೂ ಅದು ಗಣಿಯೇ. ಈಗ ನೀವೇ ಹೇಳಿ, ಜಿಲೆಟಿನ್ ಇಲ್ಲದೆ, 20 ಅಡಿಗೆ ನಿಂತುಹೋದ ಜಲ್ಲಿ ಕ್ವಾರಿ ನಮ್ಮ ಸುತ್ತಮುತ್ತ ಎಷ್ಟಿವೆ?

ಗಣಿ ಅಂದ ಮೇಲೆ ಅದಕ್ಕೆ ಅರ್ಹತೆ ಇರುವ ಒಬ್ಬ ಮ್ಯಾನೇಜರ್ ಇರಲೇಬೇಕು. ಇಡೀ ಗಣಿಯ ನಿರ್ವಹಣೆ, ಹತೋಟಿ, ಮೇಲ್ವಿಚಾರಣೆ ಎಲ್ಲ ಅವನದೇ. 1961ರ ಲೋಹ ಗಣಿಗಳ ನಿಯಮಾವಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮ್ಯಾನೇಜರ್ ದಿನವೂ ಖುದ್ದಾಗಿ ಮೇಲ್ವಿಚಾರಣೆ ಮಾಡಬೇಕು ಎನ್ನುತ್ತದೆ. ಹೆಸರಲ್ಲಿ ಲೋಹ ಅಂತ ಇದ್ದರೂ ಕಲ್ಲು ಕ್ವಾರಿಗೂ ಇದೇ ನಿಯಮಾವಳಿ. ದಿನವೂ, ಖುದ್ದಾಗಿ. ಅಪಘಾತ ಆದ ದಿನ ನಿಮ್ಮ ಫೋನು ಮೈಸೂರಿನ ಟವರ್‌ನಲ್ಲಿತ್ತು ಅಂತ ದಾಖಲೆ ಬಂದರೆ, ರಿಜಿಸ್ಟರ್‌ನಲ್ಲಿ ಅದೇ ದಿನ ನಿಮ್ಮ ಸಹಿ ಇದ್ದರೆ, ಆಗ ಏನಂತ ಉತ್ತರ ಕೊಡುತ್ತೀರಿ?

ಇಲ್ಲೊಂದು ಕಲಂ ಇದೆ, ಎಲ್ಲ ಮೇಲ್ವಿಚಾರಕರೂ ಬಾಯಿಪಾಠ ಮಾಡಿಕೊಳ್ಳಬೇಕಾದ್ದು. ಹಳೆಯ ಕಾಯ್ದೆಯಲ್ಲಿ ಅದು 18ನೇ ಕಲಮಿನಲ್ಲಿತ್ತು. ಗಣಿಯಲ್ಲಿ ಯಾರೇ ನಿಯಮ ಮುರಿದರೂ, ಮುರಿದವನ ಜೊತೆಗೆ ಮೇಲ್ವಿಚಾರಣೆಯ ಅಧಿಕಾರಿ, ಮ್ಯಾನೇಜರ್, ಏಜೆಂಟ್ (ಮಾಲೀಕನ ಪರವಾಗಿ ಗಣಿ ನೋಡಿಕೊಳ್ಳುವವನು), ಮಾಲೀಕ ಇವರನ್ನೂ ತಪ್ಪಿತಸ್ಥರೆಂದೇ ಭಾವಿಸಲಾಗುತ್ತದೆ. ತಪ್ಪಿಸಿಕೊಳ್ಳುವ ದಾರಿ ಒಂದೇ. ನಿಯಮ ಪಾಲನೆಯಾಗಲಿ ಅಂತ ನಾನು ತಕ್ಕ ಎಚ್ಚರ ವಹಿಸಿದ್ದೆ, ತಡೆಯಲು ಸಾಧ್ಯವಿದ್ದದ್ದನ್ನು ಮಾಡಿದ್ದೆ ಅಂತ ಸಾಬೀತು ಮಾಡಬೇಕು. ಗಮನಿಸಿ, ಸಾಬೀತು ಮಾಡಬೇಕಾದವರು ನೀವು. ಮನೆಯಲ್ಲಿ ಕೂತಿದ್ದವನು ಯಾವ ಎಚ್ಚರ ವಹಿಸಿದ್ದ ಅಂತ ತೋರಿಸಲು ಸಾಧ್ಯ?

‘ಮಾಲೀಕರು ದೊಡ್ಡವರು, ನೋಡ್ಕೋತಾರೆ’ ಅನ್ನುವ ಲೆಕ್ಕ ಇದ್ದರೆ ಅದನ್ನೂ ಬಿಡಿ. ಮ್ಯಾನೇಜರ್ ಇಟ್ಟಿದ್ದೇನೆ, ನನಗೆ ಸಂಬಂಧ ಇಲ್ಲ ಅಂತ ಮಾಲೀಕ ಹೇಳುವ ಹಾಗಿಲ್ಲ, ಅದೂ ಕಾನೂನಿನಲ್ಲೇ ಇದೆ. ಆದರೆ ಅವರ ಮೇಲೂ ಕೇಸು ಬೀಳುತ್ತದೆ ಅಂದ ಮಾತ್ರಕ್ಕೆ ನಿಮ್ಮದು ಹಗುರ ಆಗುವುದಿಲ್ಲ.

2025ರ ನವೆಂಬರ್ 21ರಿಂದ ಗಣಿ ಕಾಯ್ದೆಯ ಜಾಗಕ್ಕೆ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಬಂದಿದೆ. ‘ಹಳೇ ಕಾಯ್ದೆ ಹೋಯ್ತು’ ಅಂತ ಕೆಲವರು ಖುಷಿಪಡುತ್ತಿದ್ದಾರೆ. ಅವಸರ ಬೇಡ. ಮೇಲೆ ಹೇಳಿದ 18ನೇ ಕಲಮಿನ ಮಾತು ಹೊಸ ಸಂಹಿತೆಯ 7ನೇ ಕಲಮಿನಲ್ಲಿ ಹಾಗೇ ಕೂತಿದೆ. ಹಳೆಯ ನಿಯಮಾವಳಿಗಳು ಹೊಸದಕ್ಕೆ ವಿರುದ್ಧವಾಗದ ಮಟ್ಟಿಗೆ ನಡೆಯುತ್ತವೆ. ಜಾಸ್ತಿಯಾಗಿರುವುದು ದಂಡ. ಕರ್ತವ್ಯ ಮಾಡದೆ ಸಾವು ಸಂಭವಿಸಿದರೆ ಹಿಂದೆ 2 ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಇತ್ತು. ಈಗ ಜೈಲು ಅಷ್ಟೇ, ದಂಡ ಮಾತ್ರ ಕನಿಷ್ಠ 5 ಲಕ್ಷ, ಎರಡೂ ಬೀಳಬಹುದು. ಇದರ ಜೊತೆ ಪೊಲೀಸರು ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ನಿರ್ಲಕ್ಷ್ಯದ ಸಾವಿನ ಕೇಸು ಹಾಕಬಹುದು, ಅದರಲ್ಲಿ 5 ವರ್ಷದವರೆಗೆ ಶಿಕ್ಷೆ ಇದೆ. ಕಷ್ಟಪಟ್ಟು ತೆಗೆದುಕೊಂಡ ಸರ್ಟಿಫಿಕೇಟು ಅಮಾನತಾಗುವುದು ಬೇರೆ.

ನಿಜವಾಗಿ ಕೆಲಸ ಮಾಡುವ ಮನಸ್ಸಿದ್ದರೆ ಮಾಲೀಕರಿಗೆ ಹೀಗೆ ಹೇಳಿ: ಲಿಖಿತ ನೇಮಕ ಪತ್ರ ಬೇಕು, ದಿನಾ ಬರುತ್ತೇನೆ, ಅಪಾಯ ಕಂಡರೆ ಕೆಲಸ ನಿಲ್ಲಿಸುತ್ತೇನೆ, ಸುರಕ್ಷತೆಗೆ ಕೇಳಿದ ಖರ್ಚು ಕೊಡಬೇಕು. ಖರ್ಚಿಗೆ ಹಣ ಒದಗಿಸುವುದು ಕಾನೂನಿನ ಪ್ರಕಾರ ಅವರ ಕರ್ತವ್ಯವೇ. ಇಷ್ಟು ಕೇಳಿದ ಮೇಲೆ ಅವರು ವಾಪಸ್ ಫೋನ್ ಮಾಡದಿದ್ದರೆ ನಿಮ್ಮ ಪ್ರಶ್ನೆಗೆ ಅವರೇ ಉತ್ತರ ಕೊಟ್ಟಂತಾಯಿತು.

ಪ್ರಶ್ನೆ: ಕ್ವಾರಿಯಲ್ಲಿ ಮೇಟ್ ಆಗಿದ್ದೀನಿ, ಅಂದರೆ ಕೆಲಸಗಾರರ ಮೇಲ್ವಿಚಾರಣೆ ನನ್ನದು, ಸರ್ಟಿಫಿಕೇಟ್ ಇದೆ. ಒಂದು ಕಡೆ ಬಂಡೆ ಗೋಡೆ ಥರ ನೆಟ್ಟಗೆ ನಿಂತಿದೆ, 50–60 ಅಡಿ ಇರಬಹುದು. ಮಳೆ ಬಂದ ಮೇಲೆ ಮೇಲಿಂದ ಸಣ್ಣ ಕಲ್ಲು ಉದುರುತ್ತೆ. ಹೇಳಿದರೆ ‘ಟಿಪ್ಪರ್ ಕಾಯ್ತಿವೆ, ಲೋಡ್ ಮಾಡ್ಸು’ ಅಂತಾರೆ. ಬುಕ್ಕಲ್ಲಿ ದಿನಾ ‘ಎಲ್ಲ ಸರಿ ಇದೆ’ ಅಂತ ಬರೆಸ್ತಾರೆ. ನಾನು ಏನು ಮಾಡಲಿ? (ಪಾಂಡವಪುರ ತಾಲ್ಲೂಕು)

ಉತ್ತರ: ಮೊದಲು ಆ ‘ಎಲ್ಲ ಸರಿ ಇದೆ’ ಬರೆಯುವುದನ್ನು ಇವತ್ತೇ ನಿಲ್ಲಿಸಿ. ಆ ಸಾಲು ನಿಮ್ಮನ್ನು ಕಾಪಾಡುವುದಿಲ್ಲ, ನಾಳೆ ನಿಮ್ಮ ವಿರುದ್ಧವೇ ಸಾಕ್ಷಿ.

ಗಟ್ಟಿ ಬಂಡೆಯಲ್ಲೂ ಬೆಂಚ್, ಅಂದರೆ ಮೆಟ್ಟಿಲಿನಂಥ ಹಂತ ಮಾಡಿಕೊಂಡೇ ಇಳಿಯಬೇಕು, ಒಂದೊಂದು ಬೆಂಚಿನ ಎತ್ತರ 6 ಮೀಟರ್ ದಾಟಬಾರದು ಅಂತ ನಿಯಮ. ಹಿಟಾಚಿಯಂಥ ದೊಡ್ಡ ಯಂತ್ರ ಇಟ್ಟು ಬೇರೆ ಅಳತೆಯಲ್ಲಿ ಮಾಡಬೇಕಾದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ, ಅಂದರೆ ಡಿಜಿಎಂಎಸ್‌ನ ಅನುಮತಿ ಬೇಕು. ಮೇಲಿನ ಮಣ್ಣು, ಮೊರಂ ಪದರಕ್ಕೆ ಇನ್ನೂ ಬಿಗಿ: ಇಳಿಜಾರು 45 ಡಿಗ್ರಿ ಮೀರಬಾರದು, ಇಲ್ಲವೇ ಒಂದೂವರೆ ಮೀಟರ್ ಎತ್ತರದ ಬೆಂಚು, ಅಗಲ ಎತ್ತರಕ್ಕಿಂತ ಕಮ್ಮಿ ಇರಬಾರದು. ಅಂಚಿನಿಂದ 3 ಮೀಟರ್ ಒಳಗೆ ಮರ, ಸಡಿಲ ಕಲ್ಲು, ಕಸ ಏನೂ ಉಳಿದಿರಬಾರದು. ಕೆಳಗಿಂದ ಕೊರೆದು ಮೇಲಿನದನ್ನು ತೂಗುಬಿಡುವ ಹಾಗೂ ಇಲ್ಲ. ನೀವು ಹೇಳಿದ 60 ಅಡಿ ಅಂದರೆ 18 ಮೀಟರ್. ಅಲ್ಲಿ ಕನಿಷ್ಠ ಮೂರು ಬೆಂಚು ಇರಬೇಕಿತ್ತು, ಒಂದೂ ಇಲ್ಲ.

ಸಣ್ಣ ಕಲ್ಲು ಉದುರುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿರುಕಿನೊಳಗೆ ನೀರು ಇಳಿದು ಒಳಗಿಂದ ತಳ್ಳುತ್ತಿರುತ್ತದೆ, ಅದರ ಮೇಲೆ ಪಕ್ಕದಲ್ಲೇ ಬ್ಲಾಸ್ಟ್ ಆದರೆ ಬಿರುಕು ಇನ್ನಷ್ಟು ಬಾಯಿ ಬಿಡುತ್ತದೆ. ಪಕ್ಕದ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಹತ್ತಿರ ಮಡಹಳ್ಳಿ ಗುಡ್ಡದ ಕ್ವಾರಿ ಕುಸಿದದ್ದು 2022ರ ಮಾರ್ಚ್‌ನಲ್ಲಿ. ನೆನಪಿದೆ ಅಲ್ವಾ?

ಮೇಟ್ ಅಂದರೆ ಕೂಲಿಯವರ ಲೆಕ್ಕ ಬರೆಯುವ ಮೇಸ್ತ್ರಿ ಅಂತ ಮಾಲೀಕರು ಅಂದುಕೊಂಡಿರಬಹುದು. ಕಾನೂನು ಹಾಗೆ ನೋಡುವುದಿಲ್ಲ. ನಿಮ್ಮ ವ್ಯಾಪ್ತಿಯ ಜಾಗ ನೋಡಿ, ಸುರಕ್ಷಿತ ಇದ್ದರೆ ಮಾತ್ರ ಜನರನ್ನು ಬಿಡಬೇಕು. ಅಪಾಯ ಕಂಡರೆ ಎಲ್ಲರನ್ನೂ ಹೊರಗೆ ಕಳಿಸಿ, ಬೇಲಿ ಕಟ್ಟಿಸಿ, ಮೇಲಿನವರಿಗೆ ತಿಳಿಸಬೇಕು. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಬುಕ್ಕಿನಲ್ಲಿ ಕಂಡದ್ದನ್ನು ಕಂಡಹಾಗೆ ಬರೆಯಿರಿ: ‘ಬೆಳಿಗ್ಗೆ 7ಕ್ಕೆ ನೋಡಿದೆ. ಪೂರ್ವದ ಮುಖದಲ್ಲಿ ಮೇಲೆ ಸಡಿಲ ಕಲ್ಲು, ಬಿರುಕು ಇದೆ. ಕೆಳಗೆ ಲೋಡಿಂಗ್ ನಿಲ್ಲಿಸಿದ್ದೇನೆ. ಮ್ಯಾನೇಜರ್‌ಗೆ ತಿಳಿಸಿದ್ದೇನೆ.’ ಸಹಿ, ಸಮಯ, ತಾರೀಖು. ಆ ಪುಟದ ಒಂದು ಫೋಟೊ ನಿಮ್ಮ ಫೋನಿನಲ್ಲಿರಲಿ. ಮ್ಯಾನೇಜರ್‌ಗೆ ಬಾಯಲ್ಲಿ ಹೇಳಿದ್ದನ್ನು ವಾಟ್ಸ್ಆ್ಯಪ್‌ನಲ್ಲೂ ಹಾಕಿ.

ಕೆಲಸ ಹೋಗುತ್ತದೆ ಅನ್ನುವ ಭಯ ಸುಳ್ಳಲ್ಲ. ಆಮೇಲೆ ಏನೂ ಆಗುವುದಿಲ್ಲ ಅಂತ ನಾನು ಧೈರ್ಯ ಹೇಳಲಾರೆ. ಆದರೆ ಪ್ರಾಣಕ್ಕೆ ಅಪಾಯ ಇದೆ ಅನ್ನಿಸಿದರೆ ಮಾಲೀಕರಿಗೂ ಜೊತೆಗೇ ಡಿಜಿಎಂಎಸ್‌ನ ಇನ್ಸ್‌ಪೆಕ್ಟರಿಗೂ ತಿಳಿಸುವ ಹಕ್ಕನ್ನು ಹೊಸ ಸಂಹಿತೆಯೇ ಕೆಲಸಗಾರನಿಗೆ ಕೊಟ್ಟಿದೆ. ಡಿಜಿಎಂಎಸ್‌ನ ಕೇಂದ್ರ ಕಚೇರಿ ಧನ್‌ಬಾದ್‌ನಲ್ಲಿದ್ದರೂ ಬೆಂಗಳೂರಿನಲ್ಲೂ ಕಚೇರಿ ಇದೆ. ಅಲ್ಲಿಗೆ ಬರೆಯಿರಿ.

ಪ್ರಶ್ನೆ: ನಮ್ಮ ಯಜಮಾನರು ಕ್ವಾರಿಯಲ್ಲಿ ಕೆಲಸ ಮಾಡುವಾಗ ಕಲ್ಲು ಬಿದ್ದು ಕಾಲಿನ ಮೂಳೆ ಮುರಿಯಿತು. ಅವತ್ತು ಸಂಜೆಯೇ ಆ ಜಾಗ ಎಲ್ಲ ಸರಿ ಮಾಡಿಬಿಟ್ಟರು. ಈಗ ‘ಹೆಲ್ಮೆಟ್, ಬೂಟು ಹಾಕ್ಕೊಂಡಿರಲಿಲ್ಲ, ಅವನದೇ ತಪ್ಪು’ ಅಂತಿದ್ದಾರೆ. (ನಾಗಮಂಗಲ)

ಉತ್ತರ: ಅಮ್ಮ, ಮೂಳೆ ಮುರಿತವನ್ನು ಗಣಿ ಕಾಯ್ದೆ ತೀವ್ರ ಗಾಯ ಅಂತಲೇ ಲೆಕ್ಕ ಹಾಕುತ್ತಿತ್ತು. ಅಂಥ ಅಪಘಾತವನ್ನು ಮುಚ್ಚಿಡುವಂತಿಲ್ಲ, ಡಿಜಿಎಂಎಸ್‌ಗೆ ತಿಳಿಸಲೇಬೇಕು. ಇನ್ಸ್‌ಪೆಕ್ಟರ್ ಬರುವವರೆಗೆ ಅಥವಾ ಅವರು ಒಪ್ಪುವವರೆಗೆ ಆ ಜಾಗ ಮುಟ್ಟುವಂತಿಲ್ಲ. ಗಾಯಾಳುವನ್ನು ತೆಗೆಯಲು, ಇನ್ನೊಂದು ಅಪಘಾತ ತಪ್ಪಿಸಲು, ಇಂಥ ಕೆಲವೇ ಕಾರಣಕ್ಕೆ ಮುಟ್ಟಬಹುದು. ಸಂಜೆಯೊಳಗೆ ಜಾಗ ಸರಿ ಮಾಡಿದ್ದು ಯಾಕೆ ಅಂತ ಅವರೇ ಹೇಳಬೇಕಾಗುತ್ತದೆ.

ಹೆಲ್ಮೆಟ್ಟು, ಬೂಟು ಪುಕ್ಕಟೆಯಾಗಿ ಕೊಡಬೇಕಾದವರು ಅವರು. ಕೊಟ್ಟಿದ್ದರೆ ದಾಖಲೆ ತೋರಿಸಲಿ. ಕೊಟ್ಟ ಮೇಲೂ, ಹಾಕಿಕೊಳ್ಳದವನನ್ನು ಕೆಲಸಕ್ಕೆ ಬಿಟ್ಟವನು ಯಾರು? ಕೆಲಸಗಾರನಿಗೂ ಜವಾಬ್ದಾರಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಹೆಲ್ಮೆಟ್ ಹಾಕಿದ್ದರೆ ಕಾಲು ಉಳಿಯುತ್ತಿತ್ತಾ?

ಆಸ್ಪತ್ರೆಯ ಚೀಟಿ, ಎಕ್ಸ್‌ರೇ, ಕೂಲಿ ಕೊಟ್ಟ ಚೀಟಿ ಅಥವಾ ಫೋನ್‌ಪೇ ಸಂದೇಶ, ಜೊತೆಗಿದ್ದವರ ಹೆಸರು, ಎಲ್ಲ ಎತ್ತಿಟ್ಟುಕೊಳ್ಳಿ. ಪರಿಹಾರದ ಅರ್ಜಿಯನ್ನು ಎರಡು ವರ್ಷದೊಳಗೆ ಹಾಕಬೇಕು, ತಡ ಮಾಡಬೇಡಿ. ಬಿಳಿ ಹಾಳೆಗೆ ಯಜಮಾನರ ಸಹಿ ಕೇಳಿದರೆ ಮಾಡಿಸಲೇಬೇಡಿ. ಮಂಡ್ಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರ ನೆರವು ಉಚಿತ.

ಪ್ರಶ್ನೆ: ಬ್ಲಾಸ್ಟ್ ಮಾಡಿದಾಗ ನಮ್ಮ ಕಬ್ಬಿನ ಗದ್ದೆಗೆ ಕಲ್ಲು ಬಂದು ಬೀಳುತ್ತೆ. ಯಾರಿಗೆ ದೂರು ಕೊಡಬೇಕು? ಒಂದು ಆಫೀಸಿಗೆ ಹೋದರೆ ಇನ್ನೊಂದು ಕಡೆ ಕಳಿಸ್ತಾರೆ. (ಶ್ರೀರಂಗಪಟ್ಟಣ ತಾಲ್ಲೂಕು)

ಉತ್ತರ: ಅಲೆದಾಡಿಸುವುದಕ್ಕೆ ಒಂದು ಕಾರಣ ಇದೆ. ಲೀಸು, ರಾಜಧನ ನೋಡುವುದು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಕ್ವಾರಿಯೊಳಗಿನ ಸುರಕ್ಷತೆ ಕೇಂದ್ರದ ಡಿಜಿಎಂಎಸ್. ಜಿಲೆಟಿನ್, ಡಿಟೊನೇಟರ್ ಲೈಸೆನ್ಸು ಪೆಸೊ ಅನ್ನುವ ಇನ್ನೊಂದು ಕೇಂದ್ರ ಸಂಸ್ಥೆಗೆ ಸೇರಿದ್ದು. ಮೂರಕ್ಕೂ ಒಂದೇ ದೂರಿನ ಪ್ರತಿ ಕಳಿಸಿ, ಜಿಲ್ಲಾಧಿಕಾರಿಗೂ ಒಂದು. ಸ್ಫೋಟಕ ಎಲ್ಲೆಂದರಲ್ಲಿ ಇಟ್ಟಿದ್ದು ಕಂಡರೆ ಮಾತ್ರ ಪತ್ರ ಬರೆಯುತ್ತಾ ಕೂರಬೇಡಿ, 112ಕ್ಕೆ ಫೋನ್ ಮಾಡಿ. 2021ರಲ್ಲಿ ಜನವರಿಗೆ ಶಿವಮೊಗ್ಗದ ಹುಣಸೋಡು, ಫೆಬ್ರವರಿಗೆ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ, ಎರಡು ಕಡೆಯೂ ಜನ ಸತ್ತದ್ದು ಜಿಲೆಟಿನ್ ಸಿಡಿದು.

ನಿಯಮಾವಳಿ ಬ್ಲಾಸ್ಟಿನ ಸುತ್ತ 300 ಮೀಟರನ್ನು ಅಪಾಯ ವಲಯ ಅನ್ನುತ್ತದೆ. ಅದರೊಳಗೆ ಇರುವವರಿಗೆಲ್ಲ ಮೊದಲೇ ಎಚ್ಚರಿಕೆ ಕೊಟ್ಟು, ಮರೆಗೆ ಕಳಿಸಿ ಆಮೇಲೆ ಸಿಡಿಸಬೇಕು. ನಿಮ್ಮ ಗದ್ದೆ ಎಷ್ಟು ದೂರ ಅಂತ ಫೋನಿನ ಮ್ಯಾಪ್‌ನಲ್ಲೇ ಅಳೆಯಬಹುದು. ನಿಮ್ಮದು ಕೆಆರ್‌ಎಸ್ ಹತ್ತಿರವಾದ್ದರಿಂದ ಇನ್ನೊಂದು ವಿಷಯ: ಅಣೆಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ನಡೆಸಬಾರದು ಅಂತ ಹೈಕೋರ್ಟ್ 2024ರ ಜನವರಿಯಲ್ಲಿ ಆದೇಶ ಮಾಡಿದೆ. ಆ ಕ್ವಾರಿ ಈ ವ್ಯಾಪ್ತಿಯೊಳಗೆ ಬಂದರೆ ದೂರಿನ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ. ಬಿದ್ದ ಕಲ್ಲನ್ನು ಬದುವಿಗೆ ಎಸೆಯಬೇಡಿ, ಬಿದ್ದಲ್ಲೇ ಫೋಟೊ ತೆಗೆದು, ಸಮಯ ಬರೆದಿಟ್ಟುಕೊಂಡು, ದೂರಿನ ಜೊತೆ ಲಗತ್ತಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಕೈಯಲ್ಲಿ ಕೊಟ್ಟರೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.