ಫೋನಿನೊಳಗಿನ ನಲವತ್ತು ಸೆಕೆಂಡು

ಮೇಡಂ, ನನಗೆ 29 ವರ್ಷ, ಹಾಸನ ಕಡೆಯವಳು. ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ನವೆಂಬರ್ ಕೊನೆಯಲ್ಲಿ ಒಂಬತ್ತು ಜನ ಗೋಕರ್ಣಕ್ಕೆ ಹೋಗಿದ್ದೆವು. ಬಸ್ಸು, ರೂಮು ಎಲ್ಲ ನೋಡಿಕೊಂಡಿದ್ದು ನಾನೇ. ನಮ್ಮಲ್ಲಿ ಮೂರು ತಿಂಗಳ ಹಿಂದೆ ಸೇರಿದ ದಾವಣಗೆರೆಯ ಹುಡುಗನೊಬ್ಬ ಇದ್ದಾನೆ. ನನ್ನನ್ನು ಅಕ್ಕ ಅಂತಲೇ ಕರೆಯುತ್ತಾನೆ. ಕುಡ್ಲೆ ಬೀಚಿನಲ್ಲಿ ಅವನು ದಡದಲ್ಲೇ ಕೂತಿದ್ದ, ಈಜು ಬರಲ್ಲ ಅಂದ. ನಾನು ಫೋನ್ ಹಿಡಿದುಕೊಂಡು ವಿಡಿಯೋ ಮಾಡುತ್ತಾ, 'ಮೊಣಕಾಲುದ್ದ ನೀರಿಗೂ ಹೆದರ್ತೀಯೇನೋ, ಇಳಿಯೋ' ಅಂತ ರೇಗಿಸಿದೆ. ಇಳಿದ. ಎರಡು ಅಲೆ ಬಂದವು, ಮೂರನೆಯದಕ್ಕೆ ಬಿದ್ದ. ಅಲ್ಲಿಂದ ಅವನು ದೂರ ಹೋಗುತ್ತಿದ್ದದ್ದು ಕಾಣುತ್ತಿತ್ತು. ನನಗೆ ಕೈಕಾಲು ಆಡಲಿಲ್ಲ, ಫೋನ್ ಹಾಗೇ ಹಿಡಿದು ನಿಂತಿದ್ದೆ. ಆಮೇಲೆ ಕಿರುಚಿದೆ. ಲೈಫ್‌ಗಾರ್ಡ್ ಒಬ್ಬರು, ದೋಣಿಯವರಿಬ್ಬರು ಸೇರಿ ಎಳೆದು ತಂದರು. ಉಸಿರಿರಲಿಲ್ಲ. ಬಾಯಿಗೆ ಉಸಿರು ಕೊಟ್ಟು, ಎದೆ ಒತ್ತಿ ಉಳಿಸಿದರು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ಈಗ ಹುಷಾರಾಗಿದ್ದಾನೆ.

ವಾಪಸ್ ಬರುವಾಗ ನಮ್ಮ ಟೀಮ್ ಲೀಡ್, 'ಎಷ್ಟು ಹೇಳಿದರೂ ಕೇಳದೆ ಅವನೇ ಒಬ್ಬನೇ ಇಳಿದ ಅಂತ ಎಲ್ಲರೂ ಒಂದೇ ಮಾತು ಹೇಳಿ' ಅಂದರು. ಎಚ್‌ಆರ್ ಕೇಳಿದಾಗ ಎಲ್ಲರೂ ಹಾಗೇ ಬರೆದುಕೊಟ್ಟೆವು, ನಾನೂ. ಅವನಿಗೆ ನೀರಿಗೆ ಇಳಿದದ್ದೇ ನೆನಪಿಲ್ಲ. ಕುಡಿದಿದ್ದ ಅಂತ ಅವರಪ್ಪ ತಿಳಿದುಕೊಂಡಿದ್ದಾರೆ. ಅವನು ಎಲ್ಲರ ಹತ್ತಿರ 'ಸಾರಿ' ಕೇಳಿಕೊಂಡು ಓಡಾಡುತ್ತಿದ್ದಾನೆ, ನನ್ನ ಹತ್ತಿರವೂ ಕೇಳಿದ. ಆರು ವಾರ ಆಯಿತು. ತಲೆ ಮೇಲೆ ನೀರು ಸುರಿದುಕೊಳ್ಳಲು ಆಗುತ್ತಿಲ್ಲ. ವಿಡಿಯೋ ಅಳಿಸಿಬಿಡಲಾ? ಕೆಲಸ ಬಿಡಲಾ? ಹೇಳಿಬಿಡಲಾ? ಅವತ್ತು ನೀರಿಗೆ ಹಾರದೆ ನಿಂತ ನಾನು ಎಂಥವಳು?

— ಹೆಸರು ಬೇಡ, ಬೆಂಗಳೂರು

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದಕ್ಕೆ ಉತ್ತರ ಸುಲಭ, ಮತ್ತು ಅದು ತಲೆಯಿಂದ ಇಳಿಯದ ಹೊರತು ಮಿಕ್ಕಿದ್ದು ನಿಮಗೆ ಕೇಳಿಸುವುದಿಲ್ಲ.

ನೀವು ಹಾರಿದ್ದರೆ ಆ ದಿನ ಲೈಫ್‌ಗಾರ್ಡ್ ಇಬ್ಬರನ್ನು ಹುಡುಕಬೇಕಾಗುತ್ತಿತ್ತು. ನಾನು ಕುಮಟಾ ಸೀಮೆಯವಳು, ಕಡಲ ಸದ್ದು ಕೇಳಿಕೊಂಡೇ ಬೆಳೆದವಳು, ಆದರೂ ಮುಳುಗುವವರ ಹತ್ತಿರ ನೀರಿನಲ್ಲಿ ಹೋಗುವ ಧೈರ್ಯ ನನಗಿಲ್ಲ. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹತ್ತುತ್ತಾನೆ, ನಿಮ್ಮ ಹೆಗಲೇ ಸಿಕ್ಕಿದರೆ ಅದನ್ನೇ. ಕೆರೆಯಲ್ಲಿ, ಕೃಷಿ ಹೊಂಡದಲ್ಲಿ ತಮ್ಮನನ್ನು ಉಳಿಸಲು ಅಣ್ಣ ಇಳಿದ, ಅಣ್ಣನನ್ನು ಉಳಿಸಲು ಅಪ್ಪ ಇಳಿದ ಎಂಬ ಸುದ್ದಿಯನ್ನು ಪ್ರತಿ ಬೇಸಿಗೆಯೂ ಓದುತ್ತೇವಲ್ಲ, ಅದು ಹೀಗೇ ಆಗುವುದು. ಈಜು ಗೊತ್ತಿಲ್ಲದವರು ಆ ಹೊತ್ತಿಗೆ ಮಾಡಬಹುದಾದ್ದು ಎರಡೇ: ತೇಲುವ ವಸ್ತು ಏನಾದರೂ ಎಸೆಯುವುದು, ಇಲ್ಲವೇ ಗಂಟಲು ಹರಿಯುವ ಹಾಗೆ ಕೂಗುವುದು. 'ಆಮೇಲೆ ಕಿರುಚಿದೆ' ಎಂದು ಎರಡೇ ಪದದಲ್ಲಿ ಬರೆದು ಮುಂದೆ ಹೋಗಿದ್ದೀರಿ. ಅದು ನೀವು ಮಾಡಿದ ಸರಿಯಾದ ಕೆಲಸ. ಅದಕ್ಕೂ ಮೊದಲು ಕೈಕಾಲು ಮರಗಟ್ಟಿ ನಿಂತಿರಲ್ಲ, ಅದನ್ನು ನೀವು ಆರಿಸಿಕೊಳ್ಳಲಿಲ್ಲ. ಹಾವು ಕಂಡಾಗ ಕೆಲವರು ಓಡುತ್ತಾರೆ, ಕೆಲವರು ನಿಂತಲ್ಲೇ ಕಂಬವಾಗುತ್ತಾರೆ. ಕಂಬವಾದವರಿಗೆ ಯಾರೂ ದುಷ್ಟರು ಅನ್ನುವುದಿಲ್ಲ.

ಇನ್ನು ರೇಗಿಸಿದ್ದು. ಅದರಲ್ಲಿ ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ಈಜು ಬರುವುದಿಲ್ಲ ಎಂದವನನ್ನು ನೀರಿಗೆ ಇಳಿಸಿದ್ದು ತಪ್ಪೇ. ಆದರೆ ಎಷ್ಟು ದೊಡ್ಡ ತಪ್ಪು ಎಂದು ಅಳೆಯುವಾಗ, ಅವತ್ತು ನಿಮಗೆ ಏನು ಗೊತ್ತಿತ್ತು ಎನ್ನುವುದನ್ನೂ ತಕ್ಕಡಿಗೆ ಹಾಕಬೇಕು. ಮೊಣಕಾಲುದ್ದ ನೀರು ಎಂದರೆ ಬಯಲುಸೀಮೆಯವರಿಗೂ ಮಲೆನಾಡಿನವರಿಗೂ ಕೆರೆ, ಹಳ್ಳದ ಲೆಕ್ಕ. ಅಲ್ಲಿ ಮೊಣಕಾಲುದ್ದ ಎಂದರೆ ಮೊಣಕಾಲುದ್ದವೇ. ಕಡಲಲ್ಲಿ ಹಾಗಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹೇಗಾದರೂ ಹಿಂದೆ ಹೋಗಲೇಬೇಕು. ನೀರಿನಡಿಯ ಮರಳ ದಿಬ್ಬದಲ್ಲಿ ಎಲ್ಲಾದರೂ ತಗ್ಗು ಸಿಕ್ಕಿದರೆ ಅದೆಲ್ಲ ಅಲ್ಲಿ ಸೇರಿ, ಕಾಲುವೆಯ ಹಾಗೆ ರಭಸದಿಂದ ಹೊರಗೆ ಹರಿಯುತ್ತದೆ. ಇದನ್ನೇ ಸೆಳೆತ ಅನ್ನುವುದು. ಮೋಸ ಎಲ್ಲಿದೆಯೆಂದರೆ, ಸೆಳೆತ ಇರುವ ಜಾಗದಲ್ಲಿ ಅಲೆ ಅಷ್ಟಾಗಿ ಒಡೆಯುವುದಿಲ್ಲ. ಅಕ್ಕಪಕ್ಕ ನೊರೆ ಎದ್ದಿರುತ್ತದೆ, ನಡುವೆ ಒಂದು ಪಟ್ಟಿ ಶಾಂತವಾಗಿ ಕಾಣುತ್ತದೆ. ಹೊಸಬರು ಅದನ್ನೇ ನೋಡಿ 'ಇಲ್ಲಿ ಅಲೆ ಕಡಿಮೆ, ಇಲ್ಲೇ ಇಳಿಯೋಣ' ಅನ್ನುತ್ತಾರೆ. ಬಿದ್ದವನನ್ನು ಅದು ಕೆಳಕ್ಕೆ ಎಳೆಯುವುದಿಲ್ಲ, ದೂರ ಒಯ್ಯುತ್ತದೆ. ದಡದ ಕಡೆ ಮುಖ ಮಾಡಿ ಅದರ ವಿರುದ್ಧ ಈಜಿದರೆ ನುರಿತವರೂ ಸೋಲುತ್ತಾರೆ. ಕೈಕಾಲು ಬಡಿಯದೆ ತೇಲಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಹೊರಬರಬೇಕು. ಈಜು ಬರದವನಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು? 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹುಡುಗಿಯರು ಮುಳುಗಿ ಹೋದರಲ್ಲ, ಅವರೂ ಕಡಲು ಕಂಡ ಖುಷಿಗೆ ಇಳಿದ ಮಕ್ಕಳು. ನನ್ನ ಅಜ್ಜಿ ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಲು ಬಿಡುತ್ತಿರಲಿಲ್ಲ. ಈಗ ಬರುವವರೆಲ್ಲ ಸೆಲ್ಫಿಗಾಗಿ ಅದಕ್ಕೇ ಬೆನ್ನು ಹಾಕುವುದು. ಇರಲಿ, ಅದು ಬೇರೆ ಮಾತು.

ಅಂದರೆ ನೀವು ನಿಂತದ್ದು ತಪ್ಪಲ್ಲ. ರೇಗಿಸಿದ್ದು ತಪ್ಪು, ತಿಳಿಯದೆ ಮಾಡಿದ ತಪ್ಪು. ಎರಡೂ ನವೆಂಬರಿನಲ್ಲೇ ಮುಗಿದುಹೋದವು. ಮುಗಿಯದೆ ಇರುವುದು ಆ ಪತ್ರ. ನೀವೆಲ್ಲ ಬರೆದುಕೊಟ್ಟಿರಲ್ಲ, 'ಅವನೇ ಇಳಿದ' ಎಂದು, ಅದು ದಿನಾ ನಡೆಯುತ್ತಿದೆ. ಆ ಹುಡುಗ ನಿಮ್ಮ ಹತ್ತಿರ ಬಂದು ಸಾರಿ ಕೇಳಿದ ದಿನವೂ ನಡೆಯಿತು. ನಿಮಗೆ ತಲೆಯ ಮೇಲೆ ನೀರು ಬೀಳುವಾಗ ಉಸಿರು ಕಟ್ಟುವುದು ಕಡಲ ಹೆದರಿಕೆಯೊಂದರಿಂದಲೇ ಎಂದು ನನಗೆ ಅನ್ನಿಸುತ್ತಿಲ್ಲ.

ಅವನ ಜಾಗದಲ್ಲಿ ನಿಂತು ನೋಡಿ. ಸಾವಿನ ಬಾಗಿಲಿಗೆ ಹೋಗಿ ಬಂದವರಿಗೆ ಆ ಹೊತ್ತಿನ ನೆನಪು ಅಳಿಸಿಹೋಗುವುದು ಅಪರೂಪವಲ್ಲ. ಮಿದುಳಿಗೆ ಉಸಿರು ಸಿಗದ ಗಳಿಗೆಯಷ್ಟೇ ಅಲ್ಲ, ಅದರ ಹಿಂದಿನ ಕೆಲವು ನಿಮಿಷವೂ ಹೋಗಬಹುದು. ಆ ಖಾಲಿ ಜಾಗವನ್ನು ಅವನು ನಿಮ್ಮ ಎಂಟು ಜನರ ಮಾತಿನಿಂದ ತುಂಬಿಕೊಂಡಿದ್ದಾನೆ. 23-24ರ ಹುಡುಗ ಇರಬೇಕು, ಮೊದಲ ಕೆಲಸ ಇರಬೇಕು. 'ನಾನು ಯಾರ ಮಾತೂ ಕೇಳದ ಮೂರ್ಖ, ಎಲ್ಲರ ಪ್ರವಾಸ ಹಾಳುಮಾಡಿದೆ, ಅಪ್ಪನ ಮರ್ಯಾದೆ ಕಳೆದೆ' ಎಂದು ತನ್ನ ಬಗ್ಗೆ ತಾನೇ ನಂಬಿಕೊಂಡು ಬದುಕಲು ಶುರು ಮಾಡಿದ್ದಾನೆ. ಕುಡಿದಿರಲಿಲ್ಲ ಎಂದು ಹೇಳಿಕೊಳ್ಳಲು ಕೂಡ ಅವನ ಹತ್ತಿರ ನೆನಪಿಲ್ಲ. ನಿಮ್ಮ ಫೋನಿನಲ್ಲಿ ಇರುವ ನಲವತ್ತು ಸೆಕೆಂಡೋ ಒಂದು ನಿಮಿಷವೋ, ಅದು ನಿಮ್ಮದಲ್ಲ. ಅವನದು. ಅಳಿಸುವ ಹಕ್ಕು ನಿಮಗಿಲ್ಲ.

ಆದ್ದರಿಂದ ಹೇಳಿ. ಮೊದಲು ಅವನಿಗೆ, ಎಚ್‌ಆರ್‌ಗಲ್ಲ. ಟೀಮಿನ ವಾಟ್ಸಾಪ್ ಗುಂಪಿಗೂ ಅಲ್ಲ, ನಿಮ್ಮ ಲೀಡ್‌ಗೂ ಅಲ್ಲ. ಅವರಿಗೆ ಮೊದಲು ಹೇಳಿದರೆ ನಿಮ್ಮನ್ನು ಕೂರಿಸಿಕೊಂಡು 'ಈಗ ಯಾಕೆ ಕೆದಕ್ತೀರಾ, ಹುಡುಗ ಉಳಿದನಲ್ಲ' ಅನ್ನುತ್ತಾರೆ, ನೀವು ತಲೆಯಾಡಿಸಿ ಎದ್ದುಬರುತ್ತೀರಿ. ನಿಮ್ಮ ಪತ್ರದ ಧಾಟಿ ನೋಡಿದರೆ ನನಗೆ ಆ ಭಯವಿದೆ.

ಹೇಗೆ ಹೇಳುವುದು ಎಂದು ನೀವು ಕೇಳಿಲ್ಲ, ಆದರೆ ಎಡವುವುದು ಅಲ್ಲೇ. ಆಫೀಸಿನ ಕ್ಯಾಂಟೀನ್ ಬೇಡ. ಅವನು ಎದ್ದು ಹೋಗಬೇಕೆನಿಸಿದರೆ ಹೋಗುವ ಹಾಗಿರುವ ಜಾಗ ಇರಲಿ, ಒಂದು ಪಾರ್ಕು, ಸಂಜೆಯ ಬದಲು ಬೆಳಗಿನ ಹೊತ್ತು. ಉದ್ದ ಪೀಠಿಕೆ ಹಾಕಬೇಡಿ. 'ಅವತ್ತು ನೀನಾಗಿ ಇಳಿಯಲಿಲ್ಲ. ಈಜು ಬರಲ್ಲ ಅಂದೆ, ನಾನೇ ರೇಗಿಸಿ ಇಳಿಸಿದೆ. ನೀನು ಮಾತು ಕೇಳದೆ ಹೋದೆ ಅಂತ ಬರೆದುಕೊಟ್ಟವರಲ್ಲಿ ನಾನೂ ಇದ್ದೇನೆ. ವಿಡಿಯೋ ಇದೆ, ಬೇಕೆಂದರೆ ಕೊಡ್ತೀನಿ, ಬೇಡವೆಂದರೆ ತೋರಿಸಲ್ಲ.' ಇಷ್ಟೇ. ಆಮೇಲೆ ಬಾಯಿ ಮುಚ್ಚಿ ಕೂರಿ. ಅತ್ತುಬಿಡುತ್ತೀರಿ ಎನಿಸಿದರೆ ಮನೆಯಲ್ಲಿ ಮೊದಲೇ ಅತ್ತು ಹೋಗಿ. ಯಾಕೆಂದರೆ ನೀವು ಬಿಕ್ಕಿದ ತಕ್ಷಣ ಆ ಹುಡುಗ 'ಹೋಗ್ಲಿ ಬಿಡಿ ಅಕ್ಕಾ' ಅನ್ನುತ್ತಾನೆ. ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವನ ತಲೆಗೇ ಬೀಳುತ್ತದೆ. 'ಕ್ಷಮಿಸಿದೀಯಾ' ಎಂದು ಮಾತ್ರ ಕೇಳಬೇಡಿ. ಅವನು ಕೂಗಾಡಬಹುದು, ತಿಂಗಳುಗಟ್ಟಲೆ ಮಾತು ಬಿಡಬಹುದು, ನಿಮ್ಮನ್ನು ಅಕ್ಕ ಎನ್ನುವುದನ್ನೇ ನಿಲ್ಲಿಸಬಹುದು. ಅದು ಅವನ ಹಕ್ಕು.

ವಿಡಿಯೋ ಕೇಳಿದರೆ ಅವನಿಗೊಬ್ಬನಿಗೇ ಕೊಡಿ. ತಕ್ಷಣ ನೋಡಲೇಬೇಕೆಂದಿಲ್ಲ ಎಂದು ಹೇಳಿ. ತಾನು ಮುಳುಗುವುದನ್ನು ತಾನೇ ನೋಡುವುದು ಸಣ್ಣ ಮಾತಲ್ಲ. ಮನೆಯವರು ಯಾರಾದರೂ ಪಕ್ಕದಲ್ಲಿದ್ದಾಗ ನೋಡುವುದು ಒಳ್ಳೆಯದು. ಅವರಪ್ಪನಿಗೆ ಯಾರು ಹೇಳಬೇಕು, ಹೇಗೆ ಎಂಬುದು ಅವನು ತೀರ್ಮಾನಿಸಲಿ. 'ಅಕ್ಕ, ನೀವೇ ಅಪ್ಪನ ಹತ್ತಿರ ಮಾತಾಡಿ' ಎಂದರೆ ದಾವಣಗೆರೆಯ ಬಸ್ಸು ಹತ್ತಬೇಕು. ಫೋನಿನಲ್ಲಿ ಮುಗಿಸಬೇಡಿ.

ಎಚ್‌ಆರ್‌ಗೆ ಬರೆದದ್ದನ್ನು ಅದಾದ ಮೇಲೆ ತಿದ್ದಿ. ನಿಮ್ಮ ಹೇಳಿಕೆ ಮಾತ್ರ: 'ನಾನು ಮೊದಲು ಬರೆದದ್ದು ಪೂರ್ತಿ ನಿಜವಲ್ಲ, ನಡೆದದ್ದು ಹೀಗೆ' ಎಂದು. ಮಿಕ್ಕ ಏಳು ಜನರ ಪರವಾಗಿ ಬರೆಯಲು ಹೋಗಬೇಡಿ, ಆದರೆ ಒಂದೇ ಮಾತು ಹೇಳಿ ಎಂದವರು ಯಾರು ಎಂದು ಕೇಳಿದರೆ ಮುಚ್ಚಿಡಲೂ ಬೇಡಿ. ಇದರಿಂದ ನಿಮಗೆ ತೊಂದರೆಯಾಗುವುದೇ ಇಲ್ಲ ಎಂದು ನಾನು ಭರವಸೆ ಕೊಡಲಾರೆ. ಲೀಡ್ ಮುಖ ತಿರುಗಿಸಬಹುದು, ಈ ವರ್ಷದ ಅಪ್ರೈಸಲ್ ಕೈಕೊಡಬಹುದು, ಮಧ್ಯಾಹ್ನದ ಊಟಕ್ಕೆ ಒಬ್ಬರೇ ಕೂರುವ ಹಾಗಾಗಬಹುದು. ನಿಮ್ಮ ಲೀಡ್ ಮೇಲೆ ನನಗೆ ಅಂಥ ಸಿಟ್ಟೂ ಇಲ್ಲ. ಹೆದರಿದ ಮನುಷ್ಯ ಮೊದಲು ಹುಡುಕುವುದು ಮಾತಾಡದ ಸಾಕ್ಷಿಯನ್ನು. ನೆನಪಿಲ್ಲದ ಹುಡುಗ ಅವರಿಗೆ ಅನುಕೂಲವಾಗಿ ಸಿಕ್ಕಿದ. ಇದೆಲ್ಲ ಒಂದು ದಡ ಮುಟ್ಟುವ ತನಕ ರಾಜೀನಾಮೆ ಕೊಡಬೇಡಿ. ಈಗ ಬಿಟ್ಟರೆ ಅದು ತಪ್ಪಿಸಿಕೊಂಡು ಓಡಿದ ಹಾಗಾಗುತ್ತದೆ, ಮತ್ತು ಆ ಕಥೆ ನಿಮ್ಮ ಬೆನ್ನಿಗೇ ಬರುತ್ತದೆ.

ನಿಮ್ಮ ಸ್ನಾನದ ವಿಷಯ ಇದಕ್ಕೆ ಕಾಯಬಾರದು. ಇಂಥದ್ದು ಕಂಡ ಮೇಲೆ ಮೊದಲ ಒಂದೆರಡು ವಾರ ಬೆಚ್ಚಿಬೀಳುವುದು, ಅದೇ ದೃಶ್ಯ ಮತ್ತೆ ಮತ್ತೆ ಬರುವುದು ಬಹಳ ಜನರಿಗೆ ಆಗುತ್ತದೆ, ಬಹುಮಟ್ಟಿಗೆ ತಾನೇ ತಗ್ಗುತ್ತದೆ. ತಿಂಗಳು ದಾಟಿಯೂ ತಗ್ಗದಿದ್ದರೆ ವೈದ್ಯರಿಗೆ ತೋರಿಸಬೇಕು. ನಿಮಗೆ ಆರು ವಾರ ಆಗಿದೆ. ನೀವಿರುವ ಊರಿನಲ್ಲೇ ನಿಮ್ಹಾನ್ಸ್ ಇದೆ. ಅಲ್ಲಿಗೆ ಹೋಗಲು ಹುಚ್ಚು ಹಿಡಿದಿರಬೇಕು ಎಂದು ಹಾಸನದಲ್ಲಿ ನಿಮ್ಮ ಅತ್ತೆಯೋ ದೊಡ್ಡಮ್ಮನೋ ಅಂದರೆ ಅನ್ನಲಿ. ಅಷ್ಟು ದೂರಕ್ಕೂ ಈಗ ಆಗದು ಎಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಲ್ಲಿಯ ತನಕ ತಲೆಸ್ನಾನಕ್ಕೆ ಹಟ ಮಾಡಬೇಡಿ. ಸ್ಟೂಲಿನ ಮೇಲೆ ಕೂತು ಕಾಲಿನಿಂದ ಚೊಂಬಿನಲ್ಲಿ ನೀರು ಹಾಕಿಕೊಳ್ಳುತ್ತಾ ಬನ್ನಿ, ಹೆಗಲಿಗೆ ಬಂದಾಗ ಸಾಕೆನಿಸಿದರೆ ಅಲ್ಲಿಗೇ ನಿಲ್ಲಿಸಿ. ಕೂದಲನ್ನು ವಾರಕ್ಕೊಮ್ಮೆ ತಂಗಿಯೋ ಗೆಳತಿಯೋ ಹಿಂದಕ್ಕೆ ಬಾಗಿಸಿ ತೊಳೆದುಕೊಡಲಿ. 'ಹೆದರಿಕೆ ಹೋಗಬೇಕಾದರೆ ಮತ್ತೆ ಬೀಚಿಗೇ ಹೋಗಬೇಕು' ಎಂದು ಯಾರಾದರೂ ಉಪದೇಶ ಮಾಡಿದರೆ ಸದ್ಯಕ್ಕೆ ಕಿವಿಗೆ ಹಾಕಿಕೊಳ್ಳಬೇಡಿ. ಇದನ್ನೇ ಆ ಹುಡುಗನಿಗೂ ಹೇಳಿ, ಅವನಿಗೂ ರಾತ್ರಿಗಳು ಸುಲಭವಾಗಿರಲಾರವು. ಸೀಟು ಬುಕ್ ಮಾಡಿದವರು ನೀವು, ಬೇಕೆಂದರೆ ಡಾಕ್ಟರ ಅಪಾಯಿಂಟ್‌ಮೆಂಟೂ ಇಬ್ಬರಿಗೂ ಸೇರಿಸಿ ನೀವೇ ಬುಕ್ ಮಾಡಿ.

ಇನ್ನೊಂದು. ನಿಮ್ಮ ಪತ್ರದಲ್ಲಿ ಲೈಫ್‌ಗಾರ್ಡ್‌ಗೂ ದೋಣಿಯವರಿಗೂ ಸೇರಿ ಒಂದೇ ವಾಕ್ಯ ಸಿಕ್ಕಿದೆ. ಅವತ್ತಿನ ಗಡಿಬಿಡಿಯಲ್ಲಿ ಅವರಿಗೆ ಯಾರೂ ಏನೂ ಹೇಳಿರಲಿಕ್ಕಿಲ್ಲ. ಹುಡುಗ ಬದುಕಿದನೋ ಇಲ್ಲವೋ ಎಂಬುದೂ ಅವರಿಗೆ ಗೊತ್ತಿರಲಿಕ್ಕಿಲ್ಲ. ರೂಮು ಬುಕ್ ಮಾಡಿದ ಕಡೆಯ ನಂಬರು ನಿಮ್ಮಲ್ಲಿ ಇರುತ್ತದೆ. ಅಲ್ಲಿಗೆ ಫೋನ್ ಮಾಡಿ, ಅವತ್ತು ಕುಡ್ಲೆಯಲ್ಲಿ ಡ್ಯೂಟಿಯಲ್ಲಿದ್ದವರು ಯಾರು ಎಂದು ಕೇಳಿ, ಹುಡುಗ ಹುಷಾರಾಗಿದ್ದಾನೆ ಎಂದು ತಿಳಿಸಲು ಹೇಳಿ. ಮಿಕ್ಕಿದ್ದೆಲ್ಲಕ್ಕೂ ಧೈರ್ಯ ಬೇಕು, ಇದಕ್ಕೆ ಬೇಡ. ಇವತ್ತೇ ಮಾಡಬಹುದು.